ದಸರಾ ಬೋನಸ್ಸಿನ ಹಿಂದಿನ ಆ 20 ದಿನ

ನಾನು ಬೆಳೆದ ಹುಬ್ಬಳ್ಳಿ ರೈಲ್ವೆ ಕಾಲೊನಿಯಲ್ಲಿ ದಸರಾ ಬಂತಂದ್ರೆ ಮೊದಲ ಮಾತೇ ಬೋನಸ್. ಕಾಕಾ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು, ಆ ದುಡ್ಡಲ್ಲೇ ನಮಗೆಲ್ಲ ಹೊಸ ಬಟ್ಟೆ. ಸರ್ಕಾರ ಹಬ್ಬಕ್ಕೆ ಅಂತ ಸುಮ್ನೆ ಕೊಡುತ್ತದೆ ಎಂದೇ ಬಹಳ ವರ್ಷ ತಿಳಿದಿದ್ದೆ.

ಹಾಗಲ್ಲ. 1965ರ ಬೋನಸ್ ಕಾಯ್ದೆ ಬಂದಾಗ ಗಿರಣಿ, ಕಾರ್ಖಾನೆಯವರಿಗೆ ಸಿಕ್ಕಿತು, ರೈಲ್ವೆಯವರಿಗೆ ಇಲ್ಲ. ಬೋನಸ್ ಬೇಕು, 8 ತಾಸಿನ ಕೆಲಸ ಬೇಕು ಅಂತ 1974ರ ಮೇ 8ರಂದು ದೇಶದ ತುಂಬ ರೈಲ್ವೆ ಮುಷ್ಕರ ಶುರುವಾಯಿತು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಗಿರಣಿಯಲ್ಲಾದರೆ ಮಾಲೀಕ ಒಂದು ಕಡೆ, ಕೆಲಸಗಾರರು ಒಂದು ಕಡೆ, ನಡುವೆ ಸರ್ಕಾರದ ಲೇಬರ್ ಆಫೀಸರ್ ಕೂತು ಮಾತಾಡಿಸಬಹುದು, 1947ರ ಕೈಗಾರಿಕಾ ವಿವಾದ ಕಾಯ್ದೆ ಆ ದಾರಿ ಮಾಡಿತ್ತು. ರೈಲ್ವೆಯಲ್ಲಿ ಮಾಲೀಕನೂ ಸರ್ಕಾರವೇ, ಪೊಲೀಸರೂ ಸರ್ಕಾರದವರೇ. ಸಾವಿರಾರು ಜನ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು, ಕ್ವಾರ್ಟರ್ಸ್ ಖಾಲಿ ಮಾಡಿಸಿಕೊಂಡರು. 20 ದಿನಕ್ಕೆ ಮುಷ್ಕರ ಮುರಿಯಿತು.

"ಸೋತ್ರಿ ಅಂತ ಎಲ್ಲಾರೂ ಅಂತಾರ ತಮ್ಮಾ" ಅಂತಾರೆ ಕಾಕಾ. "77ರಾಗ ಸರ್ಕಾರ ಬದಲಾತು, ತಗದವರನ್ನ ತಿರುಗಿ ತಗೊಂಡ್ರು. 79ರಾಗ ಬೋನಸ್ ಬಂತು. ಇದು ಸೋಲೇನು?"

ನನಗೆ ಇದು ಅರ್ಥವಾಗಿದ್ದು ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಸೇರಿದ ಮೇಲೆ. ಓಟಿಗೆ, ಅಂದರೆ ಹೆಚ್ಚುವರಿ ತಾಸಿನ ಕೆಲಸಕ್ಕೆ, ಕಾನೂನಿನ ಪ್ರಕಾರ ಡಬಲ್ ಪಗಾರ ಕೊಡಬೇಕು, ನಮಗೆ ಸಿಂಗಲ್ ಕೊಡುತ್ತಿದ್ದರು. ಒಬ್ಬೊಬ್ಬರೇ ಹೋಗಿ ಕೇಳಿದಾಗ "ಆಗದಿದ್ರೆ ಬಿಡು" ಎಂದ ಮ್ಯಾನೇಜರ್, ಯೂನಿಯನ್ ರಿಜಿಸ್ಟರ್ ಆಗಿ ನಮ್ಮ ಬೇಡಿಕೆಯ ಲೆಟರ್ ಕೈಗೆ ಬಂದ ದಿನ ಕುರ್ಚಿ ಹಾಕಿಸಿ ಕೂರಿಸಿದರು. ಆ ರಿಜಿಸ್ಟ್ರೇಷನ್ ಕಾಗದ ಸಣ್ಣದಲ್ಲ. 1920ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಗಿರಣಿಯವರು ಯೂನಿಯನ್ ಮುಂದಾಳು ಬಿ.ಪಿ. ವಾಡಿಯಾ ಅವರ ಮೇಲೆ ಕೋರ್ಟಿಗೇ ಹೋಗಿ ತಡೆ ತಂದಿದ್ದರು. ರಿಜಿಸ್ಟರ್ ಆದ ಯೂನಿಯನ್‌ಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದ.

ಈಗ ಹುಬ್ಬಳ್ಳಿ ಹತ್ತಿರದ ತಾರಿಹಾಳದ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯುವ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ. ಕೆಲಸ ಹೇಳುವುದು ಕಂಪನಿ, ಪಗಾರ ಕೊಡುವವನು ಗುತ್ತಿಗೆದಾರ. "ಲೆಟರ್ ಯಾರಿಗೆ ಕೊಡೂದ್ರೀ ಅಣ್ಣಾ?" ಅಂತ ಮೊನ್ನೆ ಒಬ್ಬ ಕೇಳಿದ. ಇಬ್ಬರಿಗೂ ಕೊಡು ಎಂದೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕಂಪನಿಯೇ ಕೊಡಬೇಕು ಅನ್ನೋದು 1970ರ ಗುತ್ತಿಗೆ ಕಾಯ್ದೆಯಿಂದ ಬಂದ ಮಾತು, ಅದು ಅವನಿಗೆ ಗೊತ್ತೇ ಇರಲಿಲ್ಲ. ಭಾನುವಾರ ಐದಾರು ಜನರನ್ನು ಕರೆದುಕೊಂಡು ಕಾಕಾನ ಮನೆಗೆ ಬರುತ್ತಾನಂತೆ.