ಬೀವರ್ ಕೇಳಿ ಪಡೆಯಿರಿ: ಸಿಯಾಟಲ್‌ನಿಂದ ಫ್ರೈಡೇ ಹಾರ್ಬರ್‌ಗೆ ಸೀಪ್ಲೇನ್ ಪ್ರಯಾಣ

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸಿಯಾಟಲ್‌ನ ಲೇಕ್ ಯೂನಿಯನ್‌ನಿಂದ ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್‌ಗೆ ಸೀಪ್ಲೇನ್, ಅಂದರೆ ನೀರಿನಿಂದಲೇ ಏಳುವ ಪುಟ್ಟ ವಿಮಾನದ ಟಿಕೆಟ್ ತೆಗೆದುಕೊಂಡೆ. ಯಾವ ವಿಮಾನ ಅಂತ ಕೇಳಲಿಲ್ಲ. ಸೀಪ್ಲೇನ್ ಅಂದರೆ ಬೀವರ್ ಅನ್ನೋ ಹಳೆ ವಿಮಾನ ತಾನೇ ಅಂದುಕೊಂಡಿದ್ದೆ. ಬೆಳಿಗ್ಗೆ ಡಾಕ್‌ಗೆ ಹೋದರೆ ಎರಡು ವಿಮಾನಗಳು ಕಟ್ಟಿ ನಿಂತಿವೆ. ಒಂದರ ಮೂತಿ ಗುಂಡಗೆ, ಮೊಂಡಾಗಿದೆ. ಇನ್ನೊಂದರದ್ದು ಉದ್ದಕ್ಕೆ, ಚೂಪಾಗಿದೆ. ನನ್ನ ಹೆಸರು ಕರೆದದ್ದು ಚೂಪು ಮೂತಿಯದ್ದಕ್ಕೆ.

ಚೂಪು ಮೂತಿಯದು ಟರ್ಬೈನ್ ಆಟರ್. ಒಳ್ಳೆಯ ವಿಮಾನವೇ. ಹೆಚ್ಚು ಜನ ಹಿಡಿಸುತ್ತದೆ, ವೇಗವೂ ಜಾಸ್ತಿ. ಅದೂ ಹುಟ್ಟಿದ್ದು ಬೀವರ್‌ನ ಹಾಗೆ ರೇಡಿಯಲ್ ಎಂಜಿನ್‌ನೊಂದಿಗೇ (ಸಿಲಿಂಡರ್‌ಗಳು ಸುತ್ತ ನಿಂತಿರುವ ಹಳೆ ಥರದ್ದು), ಆಮೇಲೆ ಟರ್ಬೈನ್ ಹಾಕಿಸಿಕೊಂಡಿದೆ. ಆದರೆ ನಾನು ಅಷ್ಟು ದೂರದಿಂದ ಬಂದಿದ್ದು ಬೀವರ್‌ನ ರೇಡಿಯಲ್ ಸದ್ದು ಕೇಳೋಕೆ, ಟರ್ಬೈನ್‌ನ ಸಿಳ್ಳೆ ಕೇಳೋಕಲ್ಲ. ಕಿಟಕಿಯಿಂದ ಪಕ್ಕದ ಬೀವರ್ ನೋಡುತ್ತಾ ಹೊಟ್ಟೆ ಉರಿಸಿಕೊಂಡು ಹೊರಟೆ. ವಾಪಸ್ ಬರುವಾಗ ಬೀವರ್ ಸಿಕ್ಕಿತು. ಸಿಕ್ಕಿತು ಅಂದರೆ, ಕೇಳಿ ಪಡೆದೆ. ನೀವು ಹೋಗುವಾಗಲೇ ಕೇಳಿ.

ಬೀವರ್ ಬಗ್ಗೆ ಗೊತ್ತಿಲ್ಲದವರಿಗೆ ಒಂದಿಷ್ಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿ ಹ್ಯಾವಿಲೆಂಡ್ ಕೆನಡಾ ಕಂಪನಿ ಕಾಡುಮೇಡಿನ ಪೈಲಟ್‌ಗಳನ್ನೇ ಹಿಡಿದು ಕೇಳಿತು: ನಿಮಗೆ ಎಂಥ ವಿಮಾನ ಬೇಕು? ಅವರು ಹೇಳಿದ ಹಾಗೇ ಕಟ್ಟಿತು. ಗಿಡ್ಡ ಜಾಗದಲ್ಲಿ ಏಳಬೇಕು, ಇಳಿಯಬೇಕು. ಚಕ್ರ, ನೀರಿನಲ್ಲಿ ತೇಲಿಸುವ ಫ್ಲೋಟ್, ಹಿಮದ ಸ್ಕೀ ಯಾವುದನ್ನಾದರೂ ಹಾಕುವಂತಿರಬೇಕು. ಎಣ್ಣೆ ಡ್ರಮ್ಮು ಉರುಳಿಸಿಕೊಂಡು ಒಳಗೆ ತಳ್ಳುವಷ್ಟು ಅಗಲದ ಬಾಗಿಲು ಎರಡೂ ಕಡೆ ಬೇಕು. ಪೆಟ್ರೋಲ್ ಟ್ಯಾಂಕ್‌ಗಳನ್ನು ಹೊಟ್ಟೆಯ ಕೆಳಗೆ ಇಟ್ಟರು. ಹಾಗಾಗಿ ಇಂಧನ ತುಂಬಲು ರೆಕ್ಕೆ ಹತ್ತಬೇಕಿಲ್ಲ, ಡಾಕ್ ಮೇಲೆ ನಿಂತೇ ತುಂಬಬಹುದು. 1947ರ ಆಗಸ್ಟ್ 16ರಂದು ಟೊರಾಂಟೊದ ಡೌನ್ಸ್‌ವ್ಯೂನಲ್ಲಿ ರಸ್ ಬ್ಯಾನಕ್ ಅದನ್ನು ಮೊದಲ ಸಲ ಹಾರಿಸಿದರು. 1967ರವರೆಗೆ 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕದ ಸೇನೆಯೇ ಕೊಂಡಿತು. ಅಂದರೆ ಇವತ್ತು ಹಾರುವ ಅತಿ ಚಿಕ್ಕ ವಯಸ್ಸಿನ ಬೀವರ್‌ಗೂ ಐವತ್ತು ದಾಟಿದೆ.

ಹಾಗಂತ ಇದು ಮ್ಯೂಸಿಯಂ ವಸ್ತು ಅಲ್ಲ, ಜನ ಹುಚ್ಚು ಹಿಡಿಸಿಕೊಳ್ಳೋದು ಅದಕ್ಕೇ. ಬೇರೆ ಹಳೆ ವಿಮಾನಗಳನ್ನು ನೋಡೋಕೆ ಏರ್ ಶೋಗೆ ಹೋಗಬೇಕು, ಹಗ್ಗದ ಆಚೆ ನಿಲ್ಲಬೇಕು. ಇದು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತದೆ. ಟಿಕೆಟ್ ತಗೊಂಡವರನ್ನು ಹತ್ತಿಸಿಕೊಳ್ಳುತ್ತದೆ, ಊರಿಗೆ ಬಿಟ್ಟು ವಾಪಸ್ ಬರುತ್ತದೆ. ಸಿಯಾಟಲ್‌ನ ಸುತ್ತಮುತ್ತ ಈ ಕೆಲಸ ಮಾಡುವುದು ಕೆನ್‌ಮೋರ್ ಏರ್. ಲೇಕ್ ವಾಷಿಂಗ್ಟನ್‌ನ ಉತ್ತರ ತುದಿಯಲ್ಲಿ 1946ರಲ್ಲಿ ಶುರುವಾದ ಸಂಸ್ಥೆ. ಹಳೆ ಬೀವರ್‌ಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಅವರ ಕಾರ್ಯಾಗಾರಕ್ಕೆ ದೊಡ್ಡ ಹೆಸರಿದೆ.

ಇನ್ನು ನೀವು ಮಾಡಬೇಕಾದ್ದು. ಬುಕ್ ಮಾಡುವಾಗ ಫೋನ್ ಮಾಡಿಯೇ ಮಾತಾಡಿ. ‘ಬೀವರ್‌ನಲ್ಲೇ ಹೋಗಬೇಕು ಅಂತ ಆಸೆ, ಯಾವ ಹೊತ್ತಿನದ್ದರಲ್ಲಿ ಸಿಗುವ ಸಂಭವ ಜಾಸ್ತಿ?’ ಅಂತ ನೇರವಾಗಿ ಕೇಳಿ. ಗ್ಯಾರಂಟಿ ಯಾರೂ ಕೊಡಲ್ಲ. ಪ್ರಯಾಣಿಕರ ಸಂಖ್ಯೆ ನೋಡಿ ವಿಮಾನ ಬದಲಾಗುತ್ತದೆ. ಜನ ಕಡಿಮೆ ಇರುವ ಹೊತ್ತಿಗೆ ಚಿಕ್ಕ ವಿಮಾನ ಬರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಬೀವರ್‌ನಲ್ಲಿ ಪೈಲಟ್ ಬಿಟ್ಟರೆ ಆರು ಜನ ಹಿಡಿಸಿದರೆ ಹೆಚ್ಚು. ದ್ವೀಪಕ್ಕೆ ಹೋಗುವಷ್ಟು ಪುರುಸೊತ್ತು ಇಲ್ಲದಿದ್ದರೆ ಊರಿನ ಮೇಲೆ ಇಪ್ಪತ್ತು ನಿಮಿಷದ ಸುತ್ತು ಹಾಕಿಸುವ ಹಾರಾಟವೂ ಇದೆ. ಆದರೆ ಎಂಜಿನ್ ಬಿಸಿಯಾಗಿ ಮನಸ್ಸಿಗೆ ಒಗ್ಗುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ದ್ವೀಪದ ದಾರಿ ಮುಕ್ಕಾಲು ಗಂಟೆ. ನನ್ನ ಓಟು ಅದಕ್ಕೆ.

ಸಾಮಾನು 25 ಪೌಂಡ್, ಅಂದರೆ ಸುಮಾರು 11 ಕೆ.ಜಿ. ಮೀರಬಾರದು. ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡ, ಬಟ್ಟೆಯ ಬ್ಯಾಗ್ ತನ್ನಿ. ನಿಮ್ಮ ತೂಕವನ್ನೂ ಕೇಳುತ್ತಾರೆ. ನಾಚಿಕೊಂಡು ಕಡಿಮೆ ಹೇಳಬೇಡಿ. ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಮಾನವಾಗುವುದು ಅದರ ಮೇಲೆಯೇ. ನಾನು ಕ್ಯಾಮೆರಾ ಲೆನ್ಸು, ಟ್ರೈಪಾಡು ಎಲ್ಲ ತುಂಬಿಕೊಂಡು ಹೋಗಿದ್ದೆ. ತಕ್ಕಡಿ ಮೇಲೆ ಇಟ್ಟಾಗ ಮರ್ಯಾದೆ ಹೋಯಿತು. ಟ್ರೈಪಾಡು ಅಕ್ಕನ ಕಾರಿನಲ್ಲಿ ಉಳಿಯಿತು.

ಋತು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ಚೆನ್ನಾಗಿರುತ್ತದೆ. ಈ ವಿಮಾನಗಳು ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಕಣ್ಣಿಗೆ ಕಾಣುವ ದಾರಿಯಲ್ಲಿ ಮಾತ್ರ ಹಾರುತ್ತವೆ. ಆಗಸ್ಟ್‌ನಲ್ಲಿ ಬೆಳಗಿನ ಮಂಜು ಕೂತುಬಿಟ್ಟರೆ ಕಾಯುವುದೊಂದೇ ಕೆಲಸ. ನನಗೂ ಒಂದೂವರೆ ಗಂಟೆ ಹಾಗೇ ಹೋಯಿತು. ಆದ್ದರಿಂದ ಅದೇ ದಿನ ಸಂಜೆ ದೊಡ್ಡ ವಿಮಾನ ಹಿಡಿಯುವ ಪ್ಲಾನ್ ಖಂಡಿತ ಇಟ್ಟುಕೊಳ್ಳಬೇಡಿ. ಮಂಜು ಜಾಸ್ತಿ ಅನಿಸಿದರೆ ಮಧ್ಯಾಹ್ನದ್ದು ತಗೊಳ್ಳಿ.

ಸೀಟ್ಯಾಕ್ ಏರ್‌ಪೋರ್ಟ್‌ನಿಂದ ಬರುವವರು ಲಿಂಕ್ ರೈಲಿನಲ್ಲಿ ವೆಸ್ಟ್‌ಲೇಕ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಸ್ಟ್ರೀಟ್‌ಕಾರ್ ಹಿಡಿದು ಕೆರೆಯ ದಕ್ಷಿಣ ತುದಿಗೆ ಇಳಿಯಬಹುದು. ಪಶ್ಚಿಮ ದಡದಲ್ಲಿ ಸ್ವಲ್ಪ ನಡೆದರೆ ಡಾಕ್. ಏರ್‌ಪೋರ್ಟ್‌ನ ಹಾಗೆ ಭದ್ರತಾ ತಪಾಸಣೆ ಇಲ್ಲ. ದ್ವೀಪ ಅಮೆರಿಕದ್ದೇ ಆದ್ದರಿಂದ ಬೇರೆ ವೀಸಾ ಬೇಕಿಲ್ಲ. ಅದೇ ಸೀಪ್ಲೇನ್‌ನಲ್ಲಿ ವಿಕ್ಟೋರಿಯಾಕ್ಕೆ ಹೋಗಬೇಕೆಂದರೆ ಅದು ಕೆನಡಾ. ಭಾರತದ ಪಾಸ್‌ಪೋರ್ಟ್ ಇರುವವರು ಕೆನಡಾದ ವೀಸಾ ಜೊತೆಗೆ, ಅಮೆರಿಕಕ್ಕೆ ಮತ್ತೆ ಒಳಬರಲು ವೀಸಾ ಇದೆಯಾ ಅಂತಲೂ ನೋಡಿಕೊಳ್ಳಬೇಕು.

ಹಾರಾಟಕ್ಕೆ ಒಂದು ದಿನ ಮುಂಚೆ ಸಾಧ್ಯವಾದರೆ ಗ್ಯಾಸ್ ವರ್ಕ್ಸ್ ಪಾರ್ಕ್‌ಗೆ ಹೋಗಿ. ಕೆರೆಯ ಉತ್ತರ ದಡದ ಗುಡ್ಡ. ಕಾಸಿಲ್ಲ, ಕಾಯಬೇಕಿಲ್ಲ, ಸೀಪ್ಲೇನ್‌ಗಳು ಏಳುವುದನ್ನು ನೋಡುತ್ತಾ ಕೂರಬಹುದು. ಬೋಯಿಂಗ್ ಕಂಪನಿಯ ಮೊದಲ ವಿಮಾನ 1916ರ ಜೂನ್ 15ರಂದು ಎದ್ದಿದ್ದು ಇದೇ ನೀರಿನಿಂದ. ಹಾರಿಸಿದ್ದು ಕಂಪನಿ ಕಟ್ಟಿದ ವಿಲಿಯಂ ಬೋಯಿಂಗ್ ಅವರೇ. ನಾನು ಹೋದಾಗ ಹುಲ್ಲಿನ ಮೇಲೆ ಒಬ್ಬ ಹಿರಿಯರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಅಂದುಕೊಂಡೆ. ಸದ್ದು ಬಂದಾಗೆಲ್ಲ ‘ಆಟರ್’, ‘ಬೀವರ್’ ಅಂತ ಮೆಲ್ಲಗೆ ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಹೇಗೆ ಅಂತ ಕೇಳಿದೆ. ಏಳುವಾಗ ಬಟ್ಟೆ ಹರಿದ ಹಾಗೆ ಕೇಳಿದರೆ ಬೀವರ್, ಅಂದರು.

ಆ ಹರಿದ ಸದ್ದಿಗೆ ಕಾರಣ ಇದೆ. ಬೀವರ್‌ನ ಎಂಜಿನ್ ಪ್ರಾಟ್ ಅಂಡ್ ವಿಟ್ನಿಯ ಆರ್-985 ವಾಸ್ಪ್ ಜೂನಿಯರ್. ಆರ್ ಅಂದರೆ ರೇಡಿಯಲ್, 985 ಅಂದರೆ ಸಿಲಿಂಡರ್‌ಗಳ ಒಟ್ಟು ಗಾತ್ರ ಘನ ಅಂಗುಲದಲ್ಲಿ. ನಮ್ಮ ಲೆಕ್ಕದಲ್ಲಿ 16 ಲೀಟರ್. ಒಂಬತ್ತು ಸಿಲಿಂಡರ್‌ಗಳು ಗಾಲಿಯ ಕಡ್ಡಿಗಳ ಹಾಗೆ ಸುತ್ತ ನಿಂತಿರುತ್ತವೆ, 450 ಅಶ್ವಶಕ್ತಿ. ನಡುವೆ ಗೇರ್ ಇಲ್ಲ, ಪ್ರೊಪೆಲ್ಲರ್ ನೇರ ಎಂಜಿನ್ನಿಗೇ ಸಿಕ್ಕಿಸಿರುತ್ತದೆ. ಏಳುವಾಗ ನಿಮಿಷಕ್ಕೆ 2,300 ಸುತ್ತು. ಆಗ ಪ್ರೊಪೆಲ್ಲರ್ ತುದಿ ಶಬ್ದದ ವೇಗಕ್ಕೆ ಹತ್ತಿರ ಹೋಗುತ್ತದೆ. ಆ ಹರಿಯುವ ಸದ್ದು ಬರುವುದು ಅಲ್ಲಿಂದ. ದಡದ ಮನೆಗಳವರಿಗೆ ಇದು ಸಂಗೀತ ಅಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಈಗ ನನ್ನ ವಾಪಸ್ ಪ್ರಯಾಣ. ಫ್ರೈಡೇ ಹಾರ್ಬರ್‌ನ ಡಾಕ್‌ನಲ್ಲಿ ಗುಂಡು ಮೂತಿ ಕಂಡದ್ದೇ ಪೈಲಟ್ ಹತ್ತಿರ ಹೋಗಿ, ಮುಂದಿನ ಸೀಟು ಕೊಡ್ತೀರಾ ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪಟ್ಟಿ ನೋಡಿ, ಆಯ್ತು ಅಂದರು. ಬಲಗಡೆಯ ಮುಂದಿನ ಸೀಟು. ಇದನ್ನು ಕೇಳಲು ಸಂಕೋಚ ಬೇಡ, ಸಿಗದಿದ್ದರೆ ಬೇಜಾರೂ ಬೇಡ. ತೂಕದ ಲೆಕ್ಕ ಅವರದ್ದು.

ಹತ್ತುವ ಮೊದಲು ಆಕೆ ಫ್ಲೋಟ್‌ಗಳ ಮೇಲೆ ನಡೆಯುತ್ತಾ ಕೈಪಂಪಿನಿಂದ ಒಳಗೆ ಸೇರಿದ್ದ ನೀರು ತೆಗೆದರು. ಎಂಜಿನ್ ಕೆಳಗೆ ಎಣ್ಣೆ ಜಿನುಗಿತ್ತು. ಗಾಬರಿ ಆಗಬೇಡಿ. ರೇಡಿಯಲ್‌ಗಳ ಲೋಕದ ಹಳೆ ಜೋಕು ಇದೆ: ಎಣ್ಣೆ ತೊಟ್ಟಿಕ್ಕದಿದ್ದರೆ ಮಾತ್ರ ಚಿಂತೆ ಮಾಡು, ಖಾಲಿಯಾಗಿರಬೇಕು. ಎಣ್ಣೆ ವಿಷಯ ಬಂತಲ್ಲ, ಮುಂದಿನ ಸೀಟಿನಲ್ಲಿ ಕೂತವರ ಎಡಗಾಲಿನ ಹತ್ತಿರ ಒಂದು ಹಳದಿ ಮುಚ್ಚಳ ಇರುತ್ತದೆ. ಅದು ಎಂಜಿನ್ ಎಣ್ಣೆ ಹಾಕುವ ಬಾಯಿ. ಬೇಕಾದರೆ ಹಾರುತ್ತಿರುವಾಗಲೇ ಎಣ್ಣೆ ಹಾಕಬಹುದು. ಉತ್ತರದ ಚಳಿಯಲ್ಲಿ ಹೊರಗೆ ನಿಂತು ಗಟ್ಟಿಯಾದ ಎಣ್ಣೆ ಸುರಿದು ಸಾಕಾಗಿದ್ದವರಿಗೆ ಇದೆಷ್ಟು ದೊಡ್ಡ ಉಪಕಾರ, ಅಲ್ವಾ? ನಾನು ಇಡೀ ದಾರಿ ಕಾಲು ಮಡಿಚಿಕೊಂಡೇ ಕೂತಿದ್ದೆ, ಎಲ್ಲಿ ಒದ್ದುಬಿಡ್ತೀನೋ ಅಂತ.

ಸ್ಟಾರ್ಟ್ ಮಾಡುವುದನ್ನು ತಪ್ಪಿಸಿಕೊಳ್ಳಬೇಡಿ. ಫೋನ್ ಒಳಗಿಡಿ. ಮೊದಲು ಕೈಯಿಂದ ಪೆಟ್ರೋಲ್ ಒತ್ತಡ ಏರಿಸಬೇಕು, ಥೇಟ್ ಸೀಮೆಎಣ್ಣೆ ಸ್ಟವ್‌ಗೆ ಪಂಪ್ ಹೊಡೆದ ಹಾಗೆ. ಆಮೇಲೆ ಸ್ಟಾರ್ಟರ್. ಪ್ರೊಪೆಲ್ಲರ್ ಸೋಮಾರಿಯಾಗಿ ಎರಡು ಸುತ್ತು ತಿರುಗುತ್ತದೆ. ಒಂದು ಸಿಲಿಂಡರ್ ಢಬ್ ಅನ್ನುತ್ತದೆ. ಸುಮ್ಮನಾಗುತ್ತದೆ. ಇನ್ನೆರಡು ಸೇರಿಕೊಳ್ಳುತ್ತವೆ. ಬಿಳಿ ಹೊಗೆ ಭಸ್ ಅಂತ ಕಿಟಕಿ ಪಕ್ಕ ಹೋಗುತ್ತದೆ. ಆಮೇಲೆ ಒಂಬತ್ತೂ ಒಟ್ಟಿಗೆ ಲಯ ಹಿಡಿಯುತ್ತವೆ, ಇಡೀ ಸೀಟು ನಡುಗುತ್ತದೆ. ಹಳೆ ಬುಲೆಟ್ ಬೈಕ್ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಡಿಯುವ ಸರದಿ ಪಕ್ಕಪಕ್ಕದಲ್ಲಿ ಅಲ್ಲ, ಒಂದು ಬಿಟ್ಟು ಒಂದು: 1, 3, 5, 7, 9, ಮತ್ತೆ 2, 4, 6, 8. ಅದಕ್ಕೇ ರೇಡಿಯಲ್‌ನ ಒಂದು ಸಾಲಿನಲ್ಲಿ ಸಿಲಿಂಡರ್ ಸಂಖ್ಯೆ ಯಾವಾಗಲೂ ಬೆಸ.

ನೀರಿನಲ್ಲಿ ಬ್ರೇಕ್ ಇಲ್ಲ. ಎಂಜಿನ್ ಹತ್ತಿದ ಕ್ಷಣದಿಂದಲೇ ವಿಮಾನ ಹೊರಟಿತು ಅಂತಲೇ ಲೆಕ್ಕ. ಎಣ್ಣೆ ಬಿಸಿಯಾಗುವವರೆಗೆ ಬಂದರಿನಲ್ಲಿ ನಿಧಾನಕ್ಕೆ ತೇಲಿದೆವು. ಆಕೆ ಸೀಟಿನ ಪಕ್ಕದ ಹಿಡಿಯನ್ನು ಬೋರ್‌ವೆಲ್ ಕೈಪಂಪಿನ ಹಾಗೆ ಒತ್ತಿ ಒತ್ತಿ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿಸಿದರು. ಆಮೇಲೆ ಪೂರ್ತಿ ಶಕ್ತಿ. ಮೂತಿ ಏಳುತ್ತದೆ, ಎದುರಿಗೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಮೂತಿ ಇಳಿದು ವಿಮಾನ ನೀರಿನ ಮೇಲೆ ಜಾರತೊಡಗುತ್ತದೆ. ತಟತಟ ಅನ್ನುತ್ತಿದ್ದ ಅಲೆಯ ಏಟು ಒಮ್ಮೆಗೇ ನಿಂತಾಗ ಗೊತ್ತಾಗುತ್ತದೆ, ಮೇಲೆದ್ದೆವು ಅಂತ.

ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಬೇಕೇ ಬೇಕು. ನಾನು ಮಾತ್ರ ಏಳುವಾಗ ಒಂದು ಕಿವಿಯದ್ದು ತೆಗೆದಿದ್ದೆ. ಬುದ್ಧಿವಂತಿಕೆಯ ಕೆಲಸ ಅಲ್ಲ. ಫೋನ್‌ನಲ್ಲಿ ಪ್ರೊಪೆಲ್ಲರ್ ವಿಡಿಯೋ ತೆಗೆದರೆ ಬಾಳೆಹಣ್ಣಿನ ಹಾಗೆ ಬಾಗಿ ಕಾಣುತ್ತದೆ, ಅದು ಫೋನಿನ ಆಟ. ಸಿಯಾಟಲ್ ಕಡೆಗೆ ಬರುವಾಗ ಎಡಕ್ಕೆ ಮೌಂಟ್ ಬೇಕರ್, ಬಲಕ್ಕೆ ಒಲಿಂಪಿಕ್ ಪರ್ವತಗಳು, ಆಕಾಶ ತಿಳಿಯಾಗಿದ್ದರೆ ಎದುರಿಗೆ ರೇನಿಯರ್ ಪರ್ವತ. ತೀರಾ ಮೇಲೆ ಹಾರುವುದಿಲ್ಲ, ದೋಣಿಗಳಲ್ಲಿ ಕೂತ ಜನ ಕಾಣುತ್ತಾರೆ.

ದ್ವೀಪದ ಬಗ್ಗೆ ಜಾಸ್ತಿ ಹೇಳಲ್ಲ. ಲೈಮ್ ಕಿಲ್ನ್ ಪಾಯಿಂಟ್‌ನಲ್ಲಿ ದಡದಿಂದಲೇ ಓರ್ಕಾ ತಿಮಿಂಗಿಲ ಕಾಣಬಹುದು, ನನಗೆ ಕಾಣಲಿಲ್ಲ. ಆ ಪಶ್ಚಿಮ ದಡದಲ್ಲಿ ಫೋನು ಕೆನಡಾದ ಸಿಗ್ನಲ್ ಹಿಡಿದುಬಿಡುತ್ತದೆ, ರೋಮಿಂಗ್ ಆಫ್ ಮಾಡಿಡಿ. ಮನೆಮಂದಿಯೆಲ್ಲ ಹೋಗುವುದಾದರೆ ಎರಡೂ ಕಡೆ ವಿಮಾನ ದುಬಾರಿ. ಒಂದು ಕಡೆ ಹಾರಿ, ಇನ್ನೊಂದು ಕಡೆ ಅನಕೋರ್ಟಿಸ್ ಅನ್ನೋ ಊರಿನ ಫೆರಿ (ದೊಡ್ಡ ದೋಣಿ) ಹಿಡಿಯಿರಿ. ದ್ವೀಪದಿಂದ ಅನಕೋರ್ಟಿಸ್‌ಗೆ ವಾಪಸ್ ಬರುವಾಗ ಫೆರಿ ಟಿಕೆಟ್ ಕೇಳುವುದಿಲ್ಲ. ಹೋಗುವಾಗಲೇ ಎರಡರದ್ದೂ ಸೇರಿಸಿ ತೆಗೆದುಕೊಂಡಿರುತ್ತಾರೆ. ಆದರೆ ಅನಕೋರ್ಟಿಸ್‌ನಿಂದ ಸಿಯಾಟಲ್ ರಸ್ತೆಯಲ್ಲಿ ಒಂದೂವರೆ ಗಂಟೆಗೂ ಮೇಲೆ, ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿರಿ.

ಬೇಗ ಹೋಗಿ ಅಂತ ಹೇಳಲು ಒಂದು ಕಾರಣ ಇದೆ. 2019ರ ಡಿಸೆಂಬರ್ 10ರಂದು ವ್ಯಾಂಕೂವರ್ ಬಳಿ ಹಾರ್ಬರ್ ಏರ್ ಸಂಸ್ಥೆ ಒಂದು ಬೀವರ್‌ಗೆ ಕರೆಂಟ್ ಮೋಟಾರು ಹಾಕಿ ಹಾರಿಸಿ ತೋರಿಸಿತು. ಮೈ ಹಳೆಯದೇ, ಮೂತಿ ಮಾತ್ರ ಹೊಸದು. ಆ ವಿಮಾನ ಇನ್ನೂ ನೂರು ವರ್ಷ ಹಾರಲಿ ಅಂತ ನನಗೂ ಆಸೆ. ಸದ್ದಿಲ್ಲದ ಬೀವರ್ ನೋಡೋಕೆ ಇಷ್ಟು ದೂರ ಬರ್ತೀನಾ ಅಂದರೆ, ಗೊತ್ತಿಲ್ಲ.

ಲೇಕ್ ಯೂನಿಯನ್‌ನಲ್ಲಿ ಇಳಿದ ಮೇಲೆ ತಕ್ಷಣ ಓಡಬೇಡಿ. ತಣ್ಣಗಾಗುತ್ತಿರುವ ಎಂಜಿನ್ ಟಿಕ್ ಟಿಕ್ ಅನ್ನುತ್ತಿರುತ್ತದೆ, ಬಿಸಿ ಎಣ್ಣೆಯ ವಾಸನೆ ಬರುತ್ತದೆ. ಅದೇ ವಿಮಾನ ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುತ್ತದೆ. ನಾನು ಬೇಲಿ ಪಕ್ಕ ನಿಂತಿದ್ದಾಗ ಅಕ್ಕನ ಫೋನ್ ಬಂತು.

“ಇಳಿದು ಎಷ್ಟೊತ್ತಾಯ್ತೋ? ಪಾರ್ಕಿಂಗ್ ದುಡ್ಡು ಏರ್ತಾ ಇದೆ.”

“ಇನ್ನೊಂದು ಸ್ಟಾರ್ಟ್ ಕೇಳಿ ಬಂದ್ಬಿಡ್ತೀನಿ ಅಕ್ಕಾ.”