ಓದಿದ್ದು ಆರು, ಬರೆದದ್ದು ಐದು

ಮುಂಬೈ ಬಳಿಯ ಡೊಂಬಿವಲಿಯಿಂದ ದಿನವೂ ಲೋಕಲ್ ರೈಲು ಹಿಡಿದು ಕಚೇರಿಗೆ ಹೋಗಿಬರುವ ನಮ್ಮಂಥವರ ಮನೆಗಳಲ್ಲಿ ಮುಖ್ಯವಾದ ಮಾತುಗಳೆಲ್ಲ ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆಯೇ ನಡೆಯುತ್ತವೆ. 2025ರ ಮಾರ್ಚ್‌ನಲ್ಲಿ ಎಷ್ಟೋ ರಾತ್ರಿ ನಾವು ಮಾತಾಡಿದ್ದು ಒಂದೇ ಪ್ರಶ್ನೆಯನ್ನು ಹಿಡಿದು: ಮಗಳು ಸಿಯುಇಟಿಯಲ್ಲಿ ಎಷ್ಟು ವಿಷಯಗಳನ್ನು ಬರೆಯಬೇಕು?

ಊರಿನಲ್ಲಿರುವ ನಿಮಗೆ ಪಿಯುಸಿ, ಸಿಇಟಿ ಗೊತ್ತು. ಸಿಯುಇಟಿ ಎಂಬುದು ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಲ್ಲಿ ಶುರುವಾದ ಪರೀಕ್ಷೆ. ಪಟ್ಟಿಯಲ್ಲಿ 37 ವಿಷಯಗಳಿವೆ. ಅವುಗಳಲ್ಲಿ 13 ಭಾಷೆಗಳು, ಕನ್ನಡವೂ ಒಂದು. ಪ್ರತಿ ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ. ಸರಿಯಾದರೆ ಐದು ಅಂಕ, ತಪ್ಪಾದರೆ ಒಂದು ಅಂಕ ಖೋತಾ. 2024ರಲ್ಲಿ ಆರು ವಿಷಯಗಳವರೆಗೆ ಬರೆಯಬಹುದಿತ್ತು, 2025ರಲ್ಲಿ ಅದು ಐದಕ್ಕೆ ಇಳಿಯಿತು.

ಮಗಳ ಕನಸು ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್. ಅಲ್ಲಿ ಲೆಕ್ಕಕ್ಕೆ ಬರುವುದು ನಾಲ್ಕೇ: ಒಂದು ಭಾಷೆ, ಗಣಿತ, ಇನ್ನೆರಡು ವಿಷಯ. ಒಟ್ಟು 1000 ಅಂಕ, ಅದರಲ್ಲಿ ಭಾಷೆಯದು 250. ಇಲ್ಲಿನ ಪಿಯುಸಿ ಎನ್ನಬಹುದಾದ ಎಚ್‌ಎಸ್‌ಸಿಯಲ್ಲಿ ಅವಳು ಓದಿದ್ದು ಇಂಗ್ಲಿಷ್, ಕನ್ನಡ, ಗಣಿತ, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ವಾಣಿಜ್ಯ ಸಂಘಟನೆ. ಆರನ್ನು ಓದಿದ ಮಗು ಐದನ್ನು ಬರೆಯಬಹುದು, ಅದರಲ್ಲಿ ನಾಲ್ಕು ಸಾಕು. ಬಿಡುವುದು ಯಾವುದನ್ನು?

ಪಕ್ಕದ ಕಟ್ಟಡದವರು, ಟ್ಯೂಷನ್‌ನವರು, ನನ್ನ ಗಂಡನ ಸಹೋದ್ಯೋಗಿಗಳು, ಎಲ್ಲರೂ ಒಂದೇ ಮಾತು ಹೇಳಿದರು: ಕನ್ನಡ ಬಿಡಿ, ಇಂಗ್ಲಿಷ್ ಇದೆಯಲ್ಲ. ಒಬ್ಬರಂತೂ ಕನ್ನಡದ ಬದಲು ಮನಃಶಾಸ್ತ್ರ ತೆಗೆದುಕೊಳ್ಳಲಿ, ಪ್ರಶ್ನೆಗಳು ಸುಲಭ ಎಂದರು. ಹನ್ನೆರಡನೇ ತರಗತಿಯಲ್ಲಿ ಓದದ ವಿಷಯವನ್ನೂ ಆರಿಸಬಹುದು ಎಂದು ಪರೀಕ್ಷೆ ನಡೆಸುವ ಎನ್‌ಟಿಎ ಹೇಳುತ್ತದೆ, ನಿಜ. ಆದರೆ ಓದಿದ ವಿಷಯಗಳಲ್ಲೇ ಬರೆದಿರಬೇಕು ಎಂಬುದು ದೆಹಲಿ ವಿಶ್ವವಿದ್ಯಾಲಯದ ನಿಯಮ. ಅರ್ಜಿ ತುಂಬುವ ಮೊದಲು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ನೀವೇ ಕೂತು ಓದಿ. ಅರ್ಧ ದಿನ ಹೋದರೂ ಹೋಗಲಿ.

ನನ್ನನ್ನು ಹೆಚ್ಚು ಕಾಡಿದ್ದು ಪುಸ್ತಕಗಳು. ಸಿಯುಇಟಿಯ ಪ್ರಶ್ನೆಗಳು ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪಠ್ಯದ ದಾರಿ ಹಿಡಿಯುತ್ತವೆ. ಮಗಳು ಎರಡು ವರ್ಷ ಓದಿದ್ದು ಮಹಾರಾಷ್ಟ್ರ ಮಂಡಳಿಯ ಬಾಲಭಾರತಿ ಪುಸ್ತಕಗಳನ್ನು. ಸಿಬಿಎಸ್‌ಇ ಮಕ್ಕಳಿಗೆ ಇನ್ನೊಂದು ವಿಷಯವೆಂದರೆ ಇನ್ನೊಂದು ಪುನರಾವರ್ತನೆ. ನಮ್ಮವಳಿಗೆ ಅದು ಮೊದಲ ಪುಟದಿಂದ ಇನ್ನೊಂದು ಪುಸ್ತಕ. ಅರ್ಥಶಾಸ್ತ್ರಕ್ಕೇ ಎನ್‌ಸಿಇಆರ್‌ಟಿಯಲ್ಲಿ ಸೂಕ್ಷ್ಮ ಅರ್ಥಶಾಸ್ತ್ರಕ್ಕೊಂದು, ಸ್ಥೂಲ ಅರ್ಥಶಾಸ್ತ್ರಕ್ಕೊಂದು ಎಂದು ಬೇರೆ ಬೇರೆ ಪುಸ್ತಕಗಳು. ಮೇ 13ಕ್ಕೆ ಪರೀಕ್ಷೆಗಳು ಶುರು. ಗಣಿತ, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಈ ಮೂರನ್ನು ಹೊಸದಾಗಿ ಓದುವಷ್ಟರಲ್ಲೇ ದಿನಗಳು ಮುಗಿಯುತ್ತಿದ್ದವು. ಅದರ ಮೇಲೆ ವಾಣಿಜ್ಯದ ಪುಸ್ತಕವನ್ನೂ ಹೇರುವುದು ಅನ್ಯಾಯವೆಂದೇ ನನಗನ್ನಿಸಿತು. ಅದನ್ನು ಕೈಬಿಡೋಣ ಎಂದೆ.

ಕನ್ನಡಕ್ಕೆ ಆ ಹೊರೆ ಇಲ್ಲ. ಭಾಷಾ ಪರೀಕ್ಷೆಯಲ್ಲಿ ಕೇಳುವುದು ಗದ್ಯಭಾಗದ ಗ್ರಹಿಕೆ, ಶಬ್ದಸಂಪತ್ತು, ಭಾಷೆಯ ಬಳಕೆ. ಹೊಸ ಪಠ್ಯಪುಸ್ತಕ ಬೇಕಿಲ್ಲ. ಜೊತೆಗೆ, ಇಂಗ್ಲಿಷ್ ಪರೀಕ್ಷೆಯ ದಿನ ಜ್ವರವೋ ಗಾಬರಿಯೋ ಆದರೆ ಆ 250 ಅಂಕಗಳ ಜಾಗಕ್ಕೆ ಇನ್ನೊಂದು ಭಾಷೆ ಸಿದ್ಧವಿರುತ್ತದೆ. ವಾಣಿಜ್ಯದ ಅಂಕ ಎಷ್ಟೇ ಬಂದರೂ ಭಾಷೆಯ ಜಾಗವನ್ನು ತುಂಬಲಾರದು. ಆ ವರ್ಷ ಸಾಮಾನ್ಯ ವರ್ಗದವರಿಗೆ ಶುಲ್ಕ ಮೂರು ವಿಷಯಗಳವರೆಗೆ 1000 ರೂಪಾಯಿ, ಮುಂದೆ ಪ್ರತಿಯೊಂದಕ್ಕೆ 400. ಕನ್ನಡಕ್ಕಾಗಿ ಆ 400 ಕೊಡಲು ನಾನು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ.

ಇದರಲ್ಲಿ ಲೆಕ್ಕಾಚಾರದ ಜೊತೆ ನನ್ನ ಆಸೆಯೂ ಇತ್ತು. ಮಗಳ ಕಾಲೇಜಿನ ಕನ್ನಡ ತರಗತಿಯಲ್ಲಿ ಒಂಬತ್ತೇ ಮಕ್ಕಳು. ಮರಾಠಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಅದನ್ನೇ ಎರಡನೇ ಭಾಷೆಯಾಗಿ ತೆಗೆದುಕೊಂಡಿದ್ದರೆ ಶ್ರಮ ಉಳಿಯುತ್ತಿತ್ತು. ಹನ್ನೊಂದನೇ ತರಗತಿಯಲ್ಲಿ ಕನ್ನಡವನ್ನು ಆರಿಸಿದ್ದು ನನ್ನ ಒತ್ತಾಯಕ್ಕೆ. ಎರಡು ವರ್ಷ ಕಷ್ಟಪಟ್ಟು ಕಲಿತದ್ದನ್ನು, ಅದು ನಿಜವಾಗಿ ಉಪಯೋಗಕ್ಕೆ ಬರುವ ಹೊತ್ತಿನಲ್ಲೇ ಬಿಟ್ಟುಬಿಡು ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಆದರೂ ಈ ಸಲ ಕೊನೆಯ ಮಾತು ಅವಳದೇ ಆಗಲಿ ಎಂದು ಸುಮ್ಮನಾದೆ.

ಒಂದು ಭಾನುವಾರ ಅವಳು ಗಡಿಯಾರ ಇಟ್ಟುಕೊಂಡು ಕನ್ನಡದ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದಳು. ಗದ್ಯಭಾಗಗಳೆಲ್ಲ ಸರಿ. ತಪ್ಪಿದ್ದು ನುಡಿಗಟ್ಟುಗಳಲ್ಲಿ: ‘ಎತ್ತಿದ ಕೈ’ ಎಂದರೆ ಹೊಡೆಯಲು ಬರುವವನು ಎಂದುಕೊಂಡಿದ್ದಳು. ಪೆನ್ಸಿಲ್ ಕೆಳಗಿಟ್ಟು, “ವಾಣಿಜ್ಯ ಬೇಡಮ್ಮ, ಇದನ್ನೇ ಬರೆಯುತ್ತೇನೆ. ಆದರೆ ಇವನ್ನು ಯಾರು ಹೇಳಿಕೊಡುತ್ತಾರೆ?” ಎಂದಳು.

ಅಂದೇ ಸಂಜೆ ಧಾರವಾಡಕ್ಕೆ ಫೋನ್ ಮಾಡಿದೆವು. ಆಮೇಲೆ ಪರೀಕ್ಷೆಯವರೆಗೂ ದಿನ ತಪ್ಪದೆ ರಾತ್ರಿ ಎಂಟೂವರೆಗೆ ನನ್ನ ತಾಯಿ ಅಲ್ಲಿಂದ ಹತ್ತು ನುಡಿಗಟ್ಟು ಹೇಳುತ್ತಿದ್ದರು, ಇವಳು ಇಲ್ಲಿ ಕೂತು ಒಂದೊಂದಕ್ಕೂ ಒಂದು ವಾಕ್ಯ ಕಟ್ಟುತ್ತಿದ್ದಳು.