ಬಾನೆಟ್ ಎತ್ತದೆ ಬರೆದ 42 ಸಾವಿರದ ಎಸ್ಟಿಮೇಟ್

ನಾನು ಸುರತ್ಕಲ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಎಸ್ಟಿಮೇಟ್ ಬರೆಯುವ ಕೆಲಸ ಮಾಡುತ್ತೇನೆ. ಗಾಡಿ ಬಂದರೆ ಅದರ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುವುದು, ಮೆಕ್ಯಾನಿಕ್ ಹೇಳಿದ್ದನ್ನು ಗಿರಾಕಿಗೆ ತಿಳಿಸುವುದು, ಎಷ್ಟಾಗುತ್ತದೆ ಅಂತ ಬರೆದು ಕೊಡುವುದು. ಸೇರಿದ ಮೊದಲ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. ಅದೇ ತಪ್ಪಿನಿಂದ ಈಗಲೂ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನಿವೃತ್ತ ಮೇಷ್ಟ್ರೊಬ್ಬರು 2014ರ ಪೆಟ್ರೋಲ್ ಕಾರು ತಂದರು. ಚೆಕ್ ಎಂಜಿನ್ ಲೈಟ್ ಹತ್ತಿತ್ತು. ಓಡಿಸುವಾಗ ಏನೂ ತೊಂದರೆ ಇಲ್ಲ, ಮೈಲೇಜ್ ಮಾತ್ರ ಸ್ವಲ್ಪ ಕಮ್ಮಿ ಅಂದರು. ಸ್ಕ್ಯಾನರ್ ಹಾಕಿದೆ, ಪಿ0420 ಬಂತು. ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುತ್ತಿಲ್ಲ ಅನ್ನುವ ಕೋಡ್ ಅದು. ಬಾನೆಟ್ ಕೂಡ ಎತ್ತದೆ, ಹೊಸ ಕನ್ವರ್ಟರ್, ಪ್ಯಾಕಿಂಗ್ (ಪೈಪ್ ಸೇರುವಲ್ಲಿ ಹೊಗೆ ಸೋರದ ಹಾಗೆ ಹಾಕುವ ಗ್ಯಾಸ್ಕೆಟ್), ಕೂಲಿ ಎಲ್ಲಾ ಸೇರಿಸಿ 42 ಸಾವಿರ ಬರೆದು ಕೈಗೆ ಕೊಟ್ಟೆ.

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. "ಅಲ್ಲ ಮಾರಾಯ, ಗಾಡಿಯ ಅಡಿಗೆ ಹೋಗಿ ಒಂದು ಸಲ ನೋಡಿದ್ಯಾ ನೀನು?" ಅಂತ ಕೇಳಿದರು. ನೋಡಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇಲ್ಲ ಸರ್ ಅಂದೆ. ಪಕ್ಕದಲ್ಲಿದ್ದ ನಮ್ಮ ಹಿರಿಯ ಮೆಕ್ಯಾನಿಕ್ ಅಣ್ಣ, "ಗಾಡಿ ರಾತ್ರಿ ಇಲ್ಲೇ ಇರಲಿ ಸರ್, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡುವ" ಅಂದರು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮುಂದಿನಿಂದ ಟಿಕ್ ಟಿಕ್ ಅಂತ ಸಣ್ಣ ಶಬ್ದ. ಅಣ್ಣ ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿಯಲು ಹೇಳಿದರು, ಶಬ್ದ ಜಾಸ್ತಿಯಾಯಿತು. ಎಂಜಿನ್ ಬಿಸಿಯಾಗುತ್ತಾ ಹೋದ ಹಾಗೆ ಶಬ್ದ ನಿಂತೇ ಹೋಯಿತು. ಲೋಹ ಹಿಗ್ಗಿ ಸಂದು ಪೂರ್ತಿ ಮುಚ್ಚದಿದ್ದರೂ ಕಿರಿದಾಗುತ್ತದೆ, ಹಾಗಾಗಿ ಬಿಸಿ ಗಾಡಿಯಲ್ಲಿ ಈ ಶಬ್ದ ಕೇಳುವುದೇ ಇಲ್ಲ. ಗಾಡಿ ಎತ್ತಿ ನೋಡಿದರೆ ಎಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡಿಗೆ ಪೈಪ್ ಸೇರುವಲ್ಲಿ ಪ್ಯಾಕಿಂಗ್ ಸುಟ್ಟು ಸುತ್ತಲೂ ಕಪ್ಪು ಮಸಿ ಹಿಡಿದಿತ್ತು.

ಸೋರುವ ಜಾಗದಿಂದ ಹೊಗೆ ಹೊರಗೆ ಬರುತ್ತದೆ ಅಂತಷ್ಟೇ ನಾನು ಅಂದುಕೊಂಡಿದ್ದೆ. ಆದರೆ ಪೈಪಿನಲ್ಲಿ ಒತ್ತಡ ಒಂದೇ ಸಮ ಇರುವುದಿಲ್ಲ, ಏರಿಳಿಯುತ್ತಿರುತ್ತದೆ, ಇಳಿದ ಕ್ಷಣದಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಕನ್ವರ್ಟರ್ ಮುಂದೆ ಇರುವ, ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ನೋಡಿ ಪೆಟ್ರೋಲ್ ಸಾಲುತ್ತಿಲ್ಲ ಅಂತ ಹೇಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೇಷ್ಟ್ರ ಮೈಲೇಜ್ ಹೋಗಿದ್ದು ಅಲ್ಲೇ. ಕನ್ವರ್ಟರ್ ಹಿಂದಿನ ಸೆನ್ಸರ್ ಲೆಕ್ಕವೂ ಇದರಿಂದ ಕೆಡುತ್ತದೆ. ಇಂಥ ಹಳೇ ಗಾಡಿಯಲ್ಲಿ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿರಬೇಕು, ಹಿಂದಿನದು 0.6, 0.7ರ ಹತ್ತಿರ ಹೆಚ್ಚುಕಮ್ಮಿ ನಿಂತಿರಬೇಕು. ಹಿಂದಿನದೂ ಕುಣಿದರೆ ಪಿ0420 ಬರುತ್ತದೆ. ಕುಣಿಯಲು ಕಾರಣ ಕನ್ವರ್ಟರೇ ಇರಬೇಕು ಅಂತೇನಿಲ್ಲ.

ಬೇಸರದ ಸಂಗತಿ ಏನೆಂದರೆ, ಸುಳಿವು ನನ್ನ ಸ್ಕ್ಯಾನರಿನಲ್ಲೇ ಇತ್ತು. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಜಾಸ್ತಿ ಬಿಡುತ್ತಿದೆ ಅನ್ನುವ ಲೆಕ್ಕ, ಗಾಡಿ ನಿಂತಲ್ಲೇ ಐಡ್ಲಿಂಗ್‌ನಲ್ಲಿರುವಾಗ 14%ವರೆಗೆ ಏರಿ, ಎಂಜಿನ್ ವೇಗ 2,500 ಆರ್‌ಪಿಎಂಗೆ ಏರಿಸಿದರೆ 4%ಗೆ ಇಳಿಯುತ್ತಿತ್ತು. ಎಲ್ಲೋ ಗಾಳಿ ಸೇರುತ್ತಿದೆ ಅಂತ ಅದರರ್ಥ. ನಾನು ಕೋಡ್ ಓದಿ ನಿಲ್ಲಿಸಿಬಿಟ್ಟಿದ್ದೆ.

ಪ್ಯಾಕಿಂಗ್ ಬೆಲೆ ನಾನೂರು ರೂಪಾಯಿಯೂ ಇಲ್ಲ. ಕಷ್ಟ ಕೊಟ್ಟಿದ್ದು ಸ್ಟಡ್, ಅಂದರೆ ಪೈಪನ್ನು ಬಿಗಿಯುವ ತಲೆಯಿಲ್ಲದ ಬೋಲ್ಟ್. ಸಮುದ್ರದ ಗಾಳಿಗೆ ನಟ್ಟು ಬೋಲ್ಟೆಲ್ಲಾ ತುಕ್ಕು ಹಿಡಿದಿರುತ್ತವೆ, ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರೂ ಒಂದು ಮುರಿದೇ ಹೋಯಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ. ಎಲ್ಲಾ ಸೇರಿ ಬಿಲ್ 2,600 ಚಿಲ್ಲರೆ. ಕೋಡ್ ಡಿಲೀಟ್ ಮಾಡಿದ ಮೇಲೆ ಗಾಡಿ ತನ್ನನ್ನು ತಾನೇ ಮತ್ತೆ ಪರೀಕ್ಷೆ ಮಾಡಿಕೊಳ್ಳಲು ಒಂದಿಷ್ಟು ಓಡಬೇಕು, ಹಾಗಾಗಿ ಹೆದ್ದಾರಿ 66ರಲ್ಲಿ ಮೂಲ್ಕಿವರೆಗೆ ಹೋಗಿ ಬಂದೆವು, ಮಾರನೇ ದಿನ ಇನ್ನೊಂದು ಸಲ. ಲೈಟ್ ಬರಲಿಲ್ಲ. ಬರೀ ಡಿಲೀಟ್ ಮಾಡಿ ಸರಿಯಾಯಿತು ಅಂತ ಕಳಿಸುವವರೂ ಇದ್ದಾರೆ, ಅದು ತಪ್ಪು ಅಲ್ವಾ?

ಕನ್ವರ್ಟರ್ ನಿಜವಾಗಿ ಹಾಳಾಗುವುದೂ ಉಂಟು. ಆಗಲೂ ಅದು ಯಾಕೆ ಹಾಳಾಯಿತು ಅಂತ ಹುಡುಕಲೇಬೇಕು. ಬೇರೆ ಕಡೆ ಹೊಸ ಕನ್ವರ್ಟರ್ ಹಾಕಿಸಿಕೊಂಡಿದ್ದ ಒಂದು ಗಾಡಿ ಆರು ತಿಂಗಳಲ್ಲಿ ಅದೇ ಕೋಡ್ ಹೊತ್ತು ನಮ್ಮಲ್ಲಿಗೆ ಬಂತು. ಕಿಡಿ ಹೊತ್ತಿಸುವ ಒಂದು ಇಗ್ನಿಷನ್ ಕಾಯಿಲ್ ಹೋಗಿ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿರಲಿಲ್ಲ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿತ್ತು. ಅದಕ್ಕೇ ಲೈಟ್ ಸುಮ್ನೆ ಹತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಬನ್ನಿ, ಮಿನುಗುತ್ತಿದ್ದರೆ ಇಂಥ ಮಿಸ್ಸಿಂಗ್ ಆಗುತ್ತಿದೆ ಅಂತ ಅರ್ಥ, ಗಾಡಿ ಬದಿಗೆ ಹಾಕಿ ಫೋನ್ ಮಾಡಿ. ಆ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ, ಬೆಲೆ ಜಾಸ್ತಿ ಆಗಿರುವುದು ಅದರಿಂದ. ಒಳಗಿನದನ್ನು ಒಡೆದು ಖಾಲಿ ಪೈಪ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಷದ ಹೊಗೆ ನೇರ ರಸ್ತೆಗೆ ಬರುತ್ತದೆ, ಲೈಟೂ ಹೋಗುವುದಿಲ್ಲ.

ಈಗ ನಾನು ಮೊದಲ ದಿನ ಪರೀಕ್ಷೆಯ ಕೂಲಿ ಮಾತ್ರ ಬರೆಯುತ್ತೇನೆ. ಸೋರಿಕೆ, ಮಿಸ್ಸಿಂಗ್, ಸೆನ್ಸರ್ ಎಲ್ಲಾ ನೋಡಿದ ಮೇಲೆ ಎರಡನೇ ಎಸ್ಟಿಮೇಟ್. ಅದರಲ್ಲಿ "ಸ್ಟಡ್ ಮುರಿದರೆ ಇಷ್ಟು ಜಾಸ್ತಿ" ಅಂತ ಬೇರೆ ಸಾಲು ಇರುತ್ತದೆ, ಕರಾವಳಿಯ ಗಾಡಿಗೆ ಅದು ಬೇಕೇ ಬೇಕು. ಮೇಷ್ಟ್ರು ಅವತ್ತು ಸುಟ್ಟ ಪ್ಯಾಕಿಂಗನ್ನು ಕೇಳಿ ತೆಗೆದುಕೊಂಡು ಹೋಗಿದ್ದರು. ಈಗ ಯಾರೂ ಕೇಳಬೇಕಾಗಿಲ್ಲ, ಬಿಚ್ಚಿದ ಹಳೇ ಸಾಮಾನನ್ನು ಬಿಲ್ ಜೊತೆ ನಾನೇ ಕೊಡುತ್ತೇನೆ.